ದಸರೆಯ ಮರುದಿನ ಉಳಿದುಹೋದ ಫೈಲು

ನಾಚಾರಂನ ನಮ್ಮ ಕಾರ್ಖಾನೆಯಲ್ಲಿ ಆಯುಧಪೂಜೆಯ ದಿನ ಯಂತ್ರಗಳಿಗೆ ಕುಂಕುಮ ಹಚ್ಚಿ ಮೇನ್ ಸ್ವಿಚ್ ಇಳಿಸಿಬಿಡುತ್ತಾರೆ. ಹಬ್ಬ ಮುಗಿಯುವವರೆಗೆ ಅವನ್ನು ಯಾರೂ ಮುಟ್ಟುವಂತಿಲ್ಲ. ಕಂಪ್ಯೂಟರಿಗೂ ಅದೇ ನಿಯಮ.

ಆ ಕಂಪ್ಯೂಟರಿನಲ್ಲಿ ಕೆಲಸ ಮಾಡುವವಳು ರಾಯಚೂರಿನ ಹುಡುಗಿ. ಲೋಹ ಕೊರೆಯುವ ಯಂತ್ರ ಹೇಗೆ ಚಲಿಸಬೇಕೆಂದು ತಿಳಿಸುವ ಫೈಲುಗಳನ್ನು ಬರೆಯುತ್ತಾಳೆ. ಮೊದಲು ಅವನ್ನು ಪೆನ್‌ಡ್ರೈವಿನಲ್ಲಿ ಒಯ್ಯುತ್ತಿದ್ದಳು, ಯಾವುದಾದರೊಂದು ಮರೆತುಹೋಗುತ್ತಿತ್ತು. ಅದಕ್ಕೇ ಸ್ಕ್ರಿಪ್ಟ್ ಎಂಬ ಒಂದು ಪುಟ್ಟ ಪ್ರೋಗ್ರಾಂ ಬರೆದಳು. ಹಿಂದಿನ ಸಲ ಕಳಿಸಿದ ಮೇಲೆ ಬದಲಾದ ಫೈಲುಗಳನ್ನಷ್ಟೇ ಅದು ತಾರೀಖು ನೋಡಿ ಹುಡುಕಿ, ಯಂತ್ರಕ್ಕೆ ನಕಲು ಮಾಡುತ್ತಿತ್ತು.

ದಸರೆಯ ಮರುದಿನ, ಯಂತ್ರ ನಡೆಸುವ ಬೀದರಿನ ಹಿರಿಯರು ಬಂದರು. "ತಂಗೀ, ಕ್ಲ್ಯಾಂಪ್ ಈ ಕಡೆ ಸರಿಸೀನಿ. ಕಟರ್ ಅದಕ್ಕ ಬಡೀಬಾರದು ನೋಡು."

"ತಿದ್ದಿ ಕಳಸ್ತೀನ್ರಿ ಕಾಕಾ. ನೀವು ಚಾ ಕುಡದು ಬರೂದ್ರಾಗ ಬಂದಿರ್ತೈತಿ."

"ನಿನ್ನ ಸ್ಕ್ರಿಪ್ಟಿಗೂ ಒಂದು ನಿಂಬಿಹಣ್ಣು ಕೊಯ್ದಿದ್ರ ಚಲೋ ಇತ್ತು," ಎಂದು ನಕ್ಕು ಹೋದರು.

ಅವಳು ತಿದ್ದಿ, ಸ್ಕ್ರಿಪ್ಟ್ ಓಡಿಸಿದಳು. ತಯಾರಾದ ಭಾಗಗಳ ಅಳತೆ ನೋಡುವುದು ನನ್ನ ಕೆಲಸ. ಕಾಕಾ ಚಾ ಕುಡಿದು ಬಂದು ಯಂತ್ರ ಶುರು ಮಾಡಿದಾಗ ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಕಟರ್ ನೇರವಾಗಿ, ಲೋಹದ ತುಂಡನ್ನು ಬಿಗಿಹಿಡಿದಿದ್ದ ಕ್ಲ್ಯಾಂಪಿಗೆ ನುಗ್ಗಿ ಮುರಿಯಿತು. ಚೂರೊಂದು ಅವರ ಕಿವಿಯ ಪಕ್ಕದಿಂದ ಹಾರಿ ಹಿಂದಿನ ಕಪಾಟಿಗೆ ನಾಟಿತು. ಅವರು ಕಿವಿ ಮುಟ್ಟಿ ನೋಡಿಕೊಂಡರು. ರಕ್ತವಿರಲಿಲ್ಲ. ಅವರು ಒಂದಿಷ್ಟು ಈಚೆಗೆ ನಿಂತಿದ್ದರೆ ಎಂಬಲ್ಲಿಗೆ ಬಂದು ನನ್ನ ಮನಸ್ಸು ಇವತ್ತಿಗೂ ಮುಂದೆ ಹೋಗುವುದಿಲ್ಲ.

ಕಾರಣ ಆಮೇಲೆ ತಿಳಿಯಿತು: ಕಂಪ್ಯೂಟರಿನೊಳಗಿನ ಗಡಿಯಾರದ ಬ್ಯಾಟರಿ ಎಂದೋ ಸತ್ತಿತ್ತು. ಕರೆಂಟ್ ಇರುವವರೆಗೆ ಗೊತ್ತಾಗಲಿಲ್ಲ. ಹಬ್ಬಕ್ಕೆ ಸ್ವಿಚ್ ಇಳಿಸಿದಾಗ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ಆ ಬೆಳಿಗ್ಗೆ ತಿದ್ದಿದ ಫೈಲಿಗೂ ಹಳೆಯ ತಾರೀಖೇ ಬಿತ್ತು. ಅದು ಬದಲಾಗಿಲ್ಲವೆಂದು ಸ್ಕ್ರಿಪ್ಟ್ ಅದನ್ನು ಬಿಟ್ಟಿತು. ಯಂತ್ರ ಹಳೆಯ ಫೈಲನ್ನೇ ಓಡಿಸಿತು.

"ಇನ್ನ ನಾ ಏನೂ ಕಳಸೂದಿಲ್ರಿ," ಎಂದು ಹುಡುಗಿ ಅತ್ತಳು. "ಕಾಕಾರ ಜೀವ ಹೋಗಿದ್ರ?"

ಅವಳ ಜೊತೆ ಕೂತೆ. ತಾರೀಖನ್ನು ನಂಬುವುದು ಬಿಟ್ಟು, ಎರಡೂ ಕಡೆಯ ಫೈಲುಗಳ ಒಳಗಿನದನ್ನೇ ಹೋಲಿಸಿ, ಬೇರೆಯಿದ್ದದ್ದನ್ನು ನಕಲು ಮಾಡುವಂತೆ ಸ್ಕ್ರಿಪ್ಟ್ ಬದಲಿಸಿದಳು. ಆದರೂ ಅದನ್ನು ಓಡಿಸಲು ಅವಳಿಗೆ ಕೈ ಬರಲಿಲ್ಲ.

ಕಾಕಾ ಬಂದು ಅವಳ ಹಿಂದೆ ನಿಂತರು. "ಕಳಸವ್ವ. ಮೊದಲ ಗಾಳ್ಯಾಗ ನಡಸಿ ನೋಡೂಣು. ನೀನೂ ಬಾ."

ಅವಳು ಸ್ಕ್ರಿಪ್ಟ್ ಓಡಿಸಿದಳು. ಕಾಕಾ ಹೊಸ ಕಟರ್ ಹಾಕಿ, ಅದನ್ನು ಎತ್ತರಕ್ಕೇರಿಸಿ, ಯಾವುದಕ್ಕೂ ತಾಗದಂತೆ ಒಮ್ಮೆ ಪೂರ್ತಿ ಓಡಿಸಿದರು. ಅದು ಕ್ಲ್ಯಾಂಪನ್ನು ಬಳಸಿಕೊಂಡು ದಾಟಿತು. "ನೋಡಿದೀ ಇಲ್ಲೋ? ಈಗ ಹಿಂದಕ ಸರಿ," ಎಂದು ಅವಳನ್ನು ತಮ್ಮ ಬೆನ್ನ ಹಿಂದೆ ನಿಲ್ಲಿಸಿಕೊಂಡು ಕಟರ್ ಇಳಿಸಿದರು.

ಅವಳು ಅವರ ಭುಜದ ಮೇಲಿಂದ ಇಣುಕಿ ನೋಡುತ್ತಿದ್ದಳು. ನಾನು ಮಾತ್ರ ಯಂತ್ರದ ಸದ್ದು ಒಂದೇ ಸಮನಾಗುವವರೆಗೆ ನೆಲ ನೋಡುತ್ತ ನಿಂತಿದ್ದೆ.