ರಾಹುಕಾಲ ಕಳೆದು ಹೊರಟ ಹೋಳಿಗೆ

ಹುಬ್ಬಳ್ಳಿಯಲ್ಲಿ ಅಚ್ಚಾದ ಕ್ಯಾಲೆಂಡರೊಂದು ಸ್ಟ್ಯಾನ್ಮೋರಿನ ನಮ್ಮ ಅಡುಗೆಮನೆಯ ಗೋಡೆಯಲ್ಲಿ ತೂಗುತ್ತ ಲಂಡನ್ನಿನ ಸೂರ್ಯನಿಗೂ ಅಪ್ಪಣೆ ಕೊಡುತ್ತಿರುತ್ತದೆ. ಜೂನಿನಲ್ಲಿ ಇಲ್ಲಿಯ ಸೂರ್ಯ ಐದಕ್ಕೂ ಮೊದಲೇ ಎದ್ದು ನಮ್ಮ ರಾತ್ರಿಯೂಟ ಮುಗಿದರೂ ಜಾಗ ಬಿಡುವುದಿಲ್ಲ. ಕ್ಯಾಲೆಂಡರು ಮಾತ್ರ ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳದೆ ಶನಿವಾರದ ರಾಹುಕಾಲ ಒಂಬತ್ತರಿಂದ ಹತ್ತೂವರೆ ಎಂದೇ ಹಟ ಹಿಡಿಯುತ್ತದೆ. ಇದು ಅಸಂಬದ್ಧವೆಂದು ತಿಳಿಯದಷ್ಟು ದಡ್ಡ ನಾನಲ್ಲ. ಮೂವತ್ತು ವರ್ಷ ಇಲ್ಲಿಯ ಆಸ್ಪತ್ರೆಗಳಲ್ಲಿ ಅರಿವಳಿಕೆ ತಜ್ಞನಾಗಿ ಪರರ ಪ್ರಜ್ಞೆ ತಪ್ಪಿಸಿದವನು, ನಿವೃತ್ತಿಯ ನಂತರ ಸ್ವಂತ ಪ್ರಜ್ಞೆಯನ್ನು ಆ ಹಾಳೆಯ ವಶಕ್ಕೆ ಒಪ್ಪಿಸಿದ್ದೇನೆ, ಅಷ್ಟೆ.

ಈ ದೌರ್ಬಲ್ಯ ಮೊನ್ನೆ ಶನಿವಾರ ನನ್ನನ್ನು ಚೆನ್ನಾಗಿ ಪೇಚಿಗೆ ಸಿಕ್ಕಿಸಿತು. ಕುಸುಮಾ ನನ್ನೊಡನೆ ಆಪರೇಷನ್ ಥಿಯೇಟರಿನಲ್ಲಿ ವರ್ಷಗಟ್ಟಲೆ ದುಡಿದ ಶ್ರೀಲಂಕಾದ ನರ್ಸ್, ಈಗ ನಮ್ಮ ಬೀದಿಯವಳೇ. ಅವಳ ತಾಯಿಗೆ ಸಿಂಹಳದ ಹೊರತು ಬೇರೆ ಭಾಷೆ ಬರುತ್ತಿರಲಿಲ್ಲ, ನನ್ನ ಹೆಂಡತಿ ಸುಧಾಳಿಗೆ ಸಿಂಹಳ ಬಾರದು. ಆದರೂ ಹೋಳಿಗೆ ಮಾಡಿದ ದಿನ ಇಬ್ಬರೂ ನಮ್ಮ ಅಡುಗೆಮನೆಯಲ್ಲಿ ಕೂತು ಅದೇನು ಮಾತಾಡಿಕೊಂಡು ಅಷ್ಟು ನಗುತ್ತಿದ್ದರೋ! ಸಿಂಹಳದಲ್ಲೂ ತಾಯಿಯನ್ನು ಅಮ್ಮ ಎಂದೇ ಕರೆಯುವುದರಿಂದ ನಮಗೂ ಅವರು ಅಮ್ಮನೇ ಆಗಿದ್ದರು. ಕೊನೆಯ ವಾರದಲ್ಲಿ ಅವರು ಹೋಳಿಗೆ ತಿನ್ನಬೇಕೆಂದು ಹೇಳಿಕಳಿಸಿದಾಗ ನಾವು ಧಾರವಾಡದಲ್ಲಿದ್ದೆವು. ಮರಳಿ ಬಂದು ಬೀಗ ತೆಗೆಯುವ ಹೊತ್ತಿಗೆ ಅಮ್ಮ ಇರಲಿಲ್ಲ. ನಮ್ಮಿಬ್ಬರಿಗೂ ಆ ಸಂಕಟ ಹೋಗಿರಲಿಲ್ಲ.

ತೀರಿಕೊಂಡ ಮೂರನೆಯ ತಿಂಗಳಿಗೆ ಭಿಕ್ಷುಗಳಿಗೆ ಉಣಬಡಿಸಿ, ಆ ಪುಣ್ಯವನ್ನು ಹೋದವರಿಗೆ ಧಾರೆಯೆರೆಯುವುದು ಅವರ ಪದ್ಧತಿ, ಅದನ್ನು ದಾನವೆನ್ನುತ್ತಾರೆ. ಆ ದಿನದ ಹೋಳಿಗೆ ನಿಮ್ಮದೇ ಎಂದಳು ಕುಸುಮಾ. ಒಂದೇ ಕಟ್ಟಳೆ: ಮಧ್ಯಾಹ್ನ ಹನ್ನೆರಡು ಹೊಡೆದ ಮೇಲೆ ಭಿಕ್ಷುಗಳು ಅನ್ನ ಮುಟ್ಟುವುದಿಲ್ಲ, ಹನ್ನೊಂದಕ್ಕೆಲ್ಲ ಅಲ್ಲಿರಬೇಕು. ದಾನ ನಡೆಯುವ ಬೌದ್ಧ ವಿಹಾರವಿರುವುದು ಟೂಟಿಂಗನ್ನೂ ದಾಟಿ, ಊರಿನ ಇನ್ನೊಂದು ತುದಿಯಲ್ಲಿ. ಸುಧಾ ಒಂಬತ್ತೂಕಾಲಿಗೆ ಹೋಳಿಗೆಯ ಡಬ್ಬಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಳು. ಇಂಥ ಪುಣ್ಯಕಾರ್ಯಕ್ಕೆ ರಾಹುಕಾಲದಲ್ಲಿ ಹೊಸ್ತಿಲು ದಾಟುವುದೇ ಎಂದು ನಾನು ಕೂತುಬಿಟ್ಟೆ. ಹತ್ತೂವರೆಗೆ ಹೊರಟವರು ನಾರ್ತ್ ಸರ್ಕ್ಯುಲರ್ ರಸ್ತೆಯಲ್ಲಿ ಸಾಲುಗಟ್ಟಿದ ಕಾರುಗಳ ಹಿಂದೆ ಸಿಕ್ಕಿಕೊಂಡೆವು.

ಗಾಬರಿಯಾದಾಗ ಉಪನ್ಯಾಸ ಮಾಡುವುದು ನನ್ನ ಹಳೆಯ ಚಟ. ಗಯೆಯಲ್ಲಿ ಅರಳಿಮರದಡಿ ಕೂತ ರಾಜಕುಮಾರನೊಬ್ಬನಿಗೆ ಹೊಳೆದದ್ದು ಅಶೋಕನ ಕಾಲಕ್ಕೆ ನಮ್ಮ ಮಸ್ಕಿಯ ಬಂಡೆಯವರೆಗೂ ಬಂತಲ್ಲ! ಅಶೋಕನ ಮಗ ಮಹಿಂದ ಅದನ್ನು ಸಿಂಹಳದ್ವೀಪಕ್ಕೆ ಒಯ್ದನಂತೆ, ಮಗಳು ಸಂಘಮಿತ್ತೆ ಅದೇ ಅರಳಿಮರದ ಟೊಂಗೆಯನ್ನು ಹಡಗಿನಲ್ಲಿ ಜೋಪಾನವಾಗಿ ತಂದಳಂತೆ. ನಮ್ಮಲ್ಲಿ ಬಂಡೆ ಉಳಿಯಿತು, ಅಲ್ಲಿ ಮರ ಬೆಳೆಯಿತು. ಅಲ್ಲಿ ಹಳ್ಳಿಯೆಂದರೆ ಕೆರೆ, ಕೆರೆಯ ಪಕ್ಕ ಬಿಳಿಯ ಸ್ತೂಪ. ವೈಶಾಖದ ಹುಣ್ಣಿಮೆಗೆ ಮನೆಮನೆಗೂ ಕಾಗದದ ಗೂಡುದೀಪ, ದಾರಿಹೋಕರನ್ನು ತಡೆತಡೆದು ಊಟ. ನಾವು ಬುದ್ಧನನ್ನು ವಿಷ್ಣುವಿನ ಅವತಾರವೆಂದು ಒಳಗೆ ಸೇರಿಸಿಕೊಂಡರೆ, ಅವರು ವಿಷ್ಣುವನ್ನೇ ಬುದ್ಧಧರ್ಮದ ಕಾವಲಿಗೆ ನೇಮಿಸಿ ವಿಹಾರದಲ್ಲೇ ಗುಡಿ ಕಟ್ಟಿಕೊಟ್ಟಿದ್ದಾರೆ! ನನಗೆ ಮೈ ಜುಮ್ಮೆಂದಿತು. ಸುಧಾಳಿಗೆ ಮೈ ಉರಿಯಿತು.

"ಅಶೋಕನ ಮಕ್ಕಳು ಹಡಗಿನ್ಯಾಗ ಹೋದ್ರೂ ನಮಗಿಂತ ಲಗೂನ ಮುಟ್ಟಿರಬೇಕು ಬಿಡ್ರಿ," ಎಂದಳು. "ಆಪರೇಷನ್ನಿಗೆ ಒಂದಿನಾನೂ ನೋಡಲಿಲ್ಲ, ಹೋಳಿಗಿಗೆ ರಾಹುಕಾಲ ಬೇಕಾತೇನ್ರಿ ನಿಮಗ?"

ವಿಹಾರದ ಮೆಟ್ಟಿಲು ಹತ್ತಿದಾಗ ಹನ್ನೆರಡಕ್ಕೆ ಏಳೇ ನಿಮಿಷ. ಒಳಗೆ ನಾಲ್ವರು ಭಿಕ್ಷುಗಳು ಆಗಲೇ ಊಟ ಮುಗಿಸಿ ಕೈ ತೊಳೆದು ಕೂತಿದ್ದರು. ಎಲ್ಲರಿಗಿಂತ ಹಿರಿಯರಾದ ಐದನೆಯವರೊಬ್ಬರ ತಟ್ಟೆಯಲ್ಲಿ ಮಾತ್ರ ಒಂದು ಹಿಡಿ ಅನ್ನವಿತ್ತು. ಅವರು ಒಂದೊಂದೇ ಅಗುಳನ್ನು ಆರಿಸಿ ಬಾಯಿಗಿಡುತ್ತಿದ್ದರು.

"ಇಪ್ಪತ್ತು ನಿಮಿಷದಿಂದ ಅಷ್ಟೇ ಅನ್ನ ತಿನ್ನುತ್ತಿದ್ದಾರೆ ಡಾಕ್ಟರ್," ಎಂದು ಕುಸುಮಾ ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು. "ಎದ್ದರೆ ಊಟ ಮುಗಿದ ಹಾಗೆ. ಅಮ್ಮ ಹೋಳಿಗೆ ಕೇಳಿದ್ದನ್ನು ಅವರಿಗೆ ಹೇಳಿದ್ದೆ. ಯಾಕೆ ಇಷ್ಟು ತಡ?"

ನಾಚಿಕೆಯಿಂದ ರಾಹುಕಾಲದ ಹೆಸರು ಹೇಳಿದೆ. ಅವಳು ಕಣ್ಣರಳಿಸಿದಳು. "ನಾವೂ ನೋಡುತ್ತೇವೆ! ಅದಕ್ಕೇ ಎಂಟೂವರೆಗೇ ಮನೆ ಬಿಟ್ಟೆವು."

ಅದೇ ರಾಹು, ಅದೇ ಶನಿವಾರ, ಅವಳಿಗೆ ಬುದ್ಧಿ ಹೆಚ್ಚು! ನಗು ಬಂತು, ಆದರೆ ನಗಲು ಪುರಸೊತ್ತಿರಲಿಲ್ಲ. ಸುಧಾ ಎರಡೂ ಕೈಯಲ್ಲಿ ಡಬ್ಬಿ ಹಿಡಿದು ಮಂಡಿಯೂರಿದಳು. ಹಿರಿಯ ಭಿಕ್ಷು ಒಂದು ಹೋಳಿಗೆ ತೆಗೆದುಕೊಂಡು, ಆತುರವೇನೂ ಇಲ್ಲದವರಂತೆ ಅಂಚಿನಿಂದ ಅಂಚಿನವರೆಗೆ ಪೂರ್ತಿ ತಿಂದು, ಗೋಡೆಯ ಗಡಿಯಾರ ನೋಡಿ ಮುಗುಳ್ನಕ್ಕರು. ನನಗೆ ಚಪ್ಪಾಳೆ ತಟ್ಟಬೇಕೆನ್ನಿಸಿತು.

ಆಮೇಲೆ ಮಂತ್ರ ಶುರುವಾಯಿತು. ತಟ್ಟೆಯಲ್ಲಿಟ್ಟ ಪುಟ್ಟ ಬಟ್ಟಲಿಗೆ ಕುಸುಮಾ ಮೂತಿಯ ಹೂಜಿಯಿಂದ ನೀರು ಎರೆಯತೊಡಗಿದಳು. ಬಟ್ಟಲು ತುಂಬಿ ಚೆಲ್ಲುವವರೆಗೂ ಎರೆಯಬೇಕು, ಆಗ ಪುಣ್ಯ ಹೋದವರಿಗೆ ಸೇರುತ್ತದೆ. ಮನೆಯವರು ಮಾತ್ರ ಆ ಹೂಜಿ ಮುಟ್ಟುವುದೆಂದು ತಿಳಿದು ನಾವು ಹಿಂದೆ ಸರಿದೆವು. ನಮ್ಮ ತರ್ಪಣದಂತೆಯೇ ಇದೆಯಲ್ಲ ಎಂದು ನಾನು ಮತ್ತೊಂದು ಉಪನ್ಯಾಸಕ್ಕೆ ಅಣಿಯಾಗುತ್ತಿರುವಾಗ, ಅವಳು ಎಡಗೈ ಚಾಚಿ ಮೊದಲು ಸುಧಾಳ ಕೈಯನ್ನು, ಆಮೇಲೆ ನನ್ನ ಕೈಯನ್ನು ಎಳೆದು ಹೂಜಿಯ ಮೇಲಿಟ್ಟುಕೊಂಡಳು.

"ಅಮ್ಮನಿಗೆ ಏನಾದರೂ ಹೇಳಿ," ಎಂದಳು.

ಉಪನ್ಯಾಸವನ್ನು ಅಲ್ಲಿಗೇ ಬಿಟ್ಟು ನಾನೂ ಹೂಜಿ ಬಾಗಿಸಿದೆ. ನೀರು ಬಟ್ಟಲಿನ ಅಂಚು ದಾಟಿ ಚೆಲ್ಲಿತು. ಅಮ್ಮನಿಗೆ ಕನ್ನಡ ಬಾರದೆಂಬುದನ್ನು ಮರೆತು ಸುಧಾ ಹೇಳಿದಳು:

"ಅಮ್ಮಾ, ಹೋಳಿಗಿ ತಂದೇವಿ. ಸ್ವಲ್ಪ ತಡಾ ಆತು."