ಸರ್ ಹತ್ತದ ಮೆಟ್ಟಿಲು

ನಮ್ಮ ಇತಿಹಾಸದ ಸರ್ ಅವರ ಕುತ್ತಿಗೆ ಸದಾ ತುಸು ಹಿಂದಕ್ಕೆ ವಾಲಿರುತ್ತಿತ್ತು. ಮದುವೆ ಹಾಲಿರಲಿ, ಕ್ಷೌರದಂಗಡಿಯಿರಲಿ, ಒಳಗೆ ಕಾಲಿಟ್ಟ ಕೂಡಲೇ ಅವರು ನೋಡುತ್ತಿದ್ದುದು ತಲೆಯ ಮೇಲಿನ ಮಾಡನ್ನು. ಎದುರಿಗಿದ್ದವರ ಮುಖ ಆಮೇಲೆ. ಹಾಗೆ ನೋಡುತ್ತಲೇ ಒಮ್ಮೆ ಮದುಮಗಳ ತಂದೆಯ ಕಾಲು ತುಳಿದಿದ್ದರು. "ಕುತ್ತಿಗೆ ನೋಯದಿದ್ರೆ ನೀವು ಎಂತ ನೋಡಿದ್ದು ಮಾರಾಯ್ರೆ?" ಎಂದು ನಮ್ಮನ್ನೂ ಕೇಳುತ್ತಿದ್ದರು.

ಕಾಲೇಜಿದ್ದದ್ದು ಬಲ್ಮಠದಲ್ಲಿ, ಸರ್ ಮನೆ ಅತ್ತಾವರದಲ್ಲಿ. ಭಾನುವಾರ ನಾವು ಕೆಲವರು ಅವರ ಮನೆಗೆ ಹೋಗುತ್ತಿದ್ದೆವು. ಹಳೆಯ ಕಟ್ಟಡಗಳ ಚಿತ್ರಗಳನ್ನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಿಟ್ಟು ಪಾಠ ಹೇಳುತ್ತಿದ್ದರು. ಅವರ ಹೆಂಡತಿಯನ್ನು ನಾವು ಅಕ್ಕ ಎನ್ನುತ್ತಿದ್ದೆವು. ಅಕ್ಕ ಬಿಸಿಬಿಸಿ ಗೋಳಿಬಜೆ ತಂದಿಟ್ಟು, ಅಡುಗೆಮನೆಯ ಬಾಗಿಲಿನ ಆಚೆಗೆ ನಿಂತು ಕೇಳುತ್ತಿದ್ದರು. ಅಲ್ಲಿಗೆ ಚಿತ್ರ ಕಾಣುವುದಿಲ್ಲವೆಂಬುದು ತಿನ್ನುವ ಗಡಿಬಿಡಿಯಲ್ಲಿ ನಮಗೆ ಯಾರಿಗೂ ಹೊಳೆಯಲಿಲ್ಲ.

ಸರ್‌ಗೆ ತೀರಾ ಇಷ್ಟವಾದದ್ದು ಕೊಚ್ಚಿ ಕಡೆಯ ಒಂದು ಹಳೆಯ ಸಿನಗಾಗ್, ಅಂದರೆ ಯೆಹೂದಿಗಳ ಪ್ರಾರ್ಥನಾಮಂದಿರ. ಅಲ್ಲಿ ಹೆಂಗಸರು ಕೂರುವುದು ಮೇಲಿನ ಅಟ್ಟದಲ್ಲಿ, ಮರದ ಜಾಲಂದ್ರದ ಹಿಂದೆ. "ಸ್ತ್ರೀಯರಿಗೆ ಎತ್ತರದ ಸ್ಥಾನ, ಎಲ್ಲವೂ ಕಾಣುವ ಜಾಗ" ಎಂದು ಸರ್ ಪ್ರತಿ ವರ್ಷ ಹೇಳುತ್ತಿದ್ದರು. ಪರೀಕ್ಷೆಯಲ್ಲಿ ಅದನ್ನೇ ಬರೆದು ಒಳ್ಳೆಯ ಅಂಕ ತೆಗೆದವಳು ನಾನು.

ಕೊನೆಯ ವರ್ಷ ನಮ್ಮನ್ನು ರೈಲು ಹತ್ತಿಸಿ ಅಲ್ಲಿಗೇ ಕರೆದುಕೊಂಡು ಹೋದರು. ಚಪ್ಪಲಿ ಕಳಚಿ ಒಳಗೆ ಹೋದೆವು. ಮಾಡಿನ ಹಲಗೆಗಳ ತುಂಬ ಬಣ್ಣ ಬಳಿದ ಮರದ ತಾವರೆಗಳು, ಇಳಿಬಿಟ್ಟ ಗಾಜಿನ ದೀಪಗಳು. ನಡುವೆ ಹಿತ್ತಾಳೆ ಕಟಕಟೆಯ ಜಗಲಿ, ಅಲ್ಲಿ ನಿಂತು ಧರ್ಮಗ್ರಂಥ ಓದುತ್ತಾರಂತೆ. ಎದುರಿನ ಗೋಡೆಯಲ್ಲಿ ಆ ಗ್ರಂಥದ ಸುರುಳಿಗಳನ್ನಿಡುವ ಕೆತ್ತನೆಯ ಕಪಾಟು. ಬೆಂಚಿನಲ್ಲಿ ಆ ಸಮುದಾಯದ ಅಜ್ಜಿಯೊಬ್ಬರು ಕುಳಿತಿದ್ದರು. ಸರ್ ತಮ್ಮ ಎಂದಿನ ಮಾತನ್ನು ಅವರಿಗೂ ಹೆಮ್ಮೆಯಿಂದ ಮಲಯಾಳದಲ್ಲಿ ಹೇಳಿದರು. ಅಜ್ಜಿ ನಕ್ಕರು.

"ನೀವು ಮೇಲೆ ಹತ್ತಿದ್ದೀರಾ?"

"ಇಲ್ಲ. ಹೆಂಗಸರ ಜಾಗ ಅಲ್ವಾ?"

"ಈಗ ಯಾರೂ ಇಲ್ಲ. ಹತ್ತಿ, ಕೂತು ನೋಡಿ."

ಸರ್ ಹತ್ತಿದರು. ಇಳಿದು ಬಂದಾಗ ಅವರ ಕುತ್ತಿಗೆ ಮೊದಲ ಬಾರಿಗೆ ಮುಂದಕ್ಕೆ ಬಾಗಿತ್ತು.

"ಕಪಾಟೂ ಕಾಣುವುದಿಲ್ಲ, ಜಗಲಿಯೂ ಕಾಣುವುದಿಲ್ಲ" ಎಂದರು.

"ಕೇಳುತ್ತದೆ" ಎಂದರು ಅಜ್ಜಿ. "ಚಿಕ್ಕಂದಿನಿಂದ ಕೇಳಿದ್ದೇನೆ."

ಮಂಗಳೂರಿಗೆ ಮರಳುವಾಗ ರೈಲಿನಲ್ಲಿ ಸರ್ ನನ್ನೆದುರೇ ಕುಳಿತಿದ್ದರು. "ಒಮ್ಮೆಯೂ ಹತ್ತದೆ ಇಷ್ಟು ವರ್ಷ ಪಾಠ ಮಾಡಿದೆನಲ್ಲ ಮಾರಾಯ್ತಿ, ನಾಚಿಕೆಯಾಗ್ತದೆ" ಎಂದರು. ಬಾಯಿಮಾತಿಗೆ ಹೇಳಿದ್ದಲ್ಲ. ನಂಬರು ಸಿಕ್ಕಿದ ಹಳೆಯ ವಿದ್ಯಾರ್ಥಿಗಳಿಗೆಲ್ಲ ಫೋನ್ ಮಾಡಿ, ತಾವು ಹೇಳಿದ್ದು ತಪ್ಪು ಎಂದರು. ಮುಂದಿನ ಭಾನುವಾರ ನಾವು ಹೋದಾಗ ಗೋಡೆಯ ಎದುರಿಗೇ ಒಂದು ಕುರ್ಚಿ ಇತ್ತು. ಸರ್ ಒಳಗೆ ಹೋಗಿ ಅಕ್ಕನನ್ನು ಕರೆತಂದು ಕೂರಿಸಿದರು. ಅಕ್ಕ ಕುರ್ಚಿಯ ತುದಿಯಲ್ಲಿ ಕುಳಿತು, ಕೈ ಸೆರಗಿಗೆ ಒರೆಸುತ್ತಾ ಗೋಡೆಯ ಮೇಲಿನ ಚಿತ್ರ ನೋಡಿ, "ಓ, ಇದಾ ಆ ತಾವರೆ?" ಎಂದರು. ಅಂದಿನಿಂದ ಆ ಕುರ್ಚಿ ಅವರದ್ದೇ ಆಯಿತು.

ಕಳೆದ ತಿಂಗಳು ಸರ್ ತೀರಿಕೊಂಡರು. ಶ್ರದ್ಧಾಂಜಲಿ ಸಭೆಯ ಉಸ್ತುವಾರಿ ನನ್ನದು. ಮುಂದಿನ ಸಾಲುಗಳನ್ನು ಗಣ್ಯರಿಗೆಂದು ನಾನೇ ಚೀಟಿ ಅಂಟಿಸಿ ಕಾದಿರಿಸಿದ್ದೆ. ಮೈಕ್ ಹಿಡಿದು ಆ ಸಿನಗಾಗಿನ ಕಥೆಯನ್ನೇ ಹೇಳಿದೆ. ಜನ ಕಣ್ಣೊರೆಸಿಕೊಂಡರು. ವೇದಿಕೆ ಇಳಿಯುವಾಗ ಕೊನೆಯ ಸಾಲಿನಲ್ಲಿ, ಕಂಬದ ಹಿಂದೆ, ಅಕ್ಕನ ಸೆರಗು ಕಂಡಿತು. ಅವರಿಗೆಂದು ಒಂದು ಕುರ್ಚಿ ಬೇಕೆಂದು ನನಗೆ ನೆನಪೇ ಆಗಿರಲಿಲ್ಲ. ಓಡಿಹೋಗಿ ಮುಂದಕ್ಕೆ ಬನ್ನಿ ಎಂದು ಕೈ ಹಿಡಿದೆ.

"ಇರ್ಲಿ ಮಗಾ" ಎಂದರು ಅಕ್ಕ. "ಇಲ್ಲಿಗೂ ಕೇಳ್ತದೆ."

ಅವರ ಪಕ್ಕದಲ್ಲಿ ಕುಳಿತು ವೇದಿಕೆಯ ಕಡೆ ನೋಡಿದೆ. ಹಾರ ಹಾಕಿದ್ದ ಸರ್ ಫೋಟೋ ಅಲ್ಲಿಂದ ಕಾಣುತ್ತಿರಲಿಲ್ಲ.