ಬಚ್ಚಲಮನೆಯ ಚಿಲಕ

ಎರಡನೆಯ ಮಹಾಯುದ್ಧದ ಕಾಲ. ಪುಣೆಯ ಶನಿವಾರ ಪೇಟೆಯಲ್ಲಿ, ಹಲವು ಸಂಸಾರಗಳಿದ್ದ ಒಂದು ವಾಡೆಯಲ್ಲಿ ನಾವು ಮೂವರು ಬಾಡಿಗೆಗೆ ಇದ್ದೆವು: ಅಪ್ಪ, ಅಪ್ಪನ ಅಕ್ಕ, ನಾನು. ಅಪ್ಪ ಧಾರವಾಡ ಬಿಟ್ಟು ರೈಲ್ವೆ ಕಚೇರಿಯ ನೌಕರಿಗೆ ಬಂದವರು. ನಾನು ಕಾಲೇಜಿನ ಎರಡನೆಯ ವರ್ಷದಲ್ಲಿದ್ದೆ.

ಅತ್ತೆ ಚಿಕ್ಕಂದಿನಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ಕೆಂಪು ಸೀರೆಯಲ್ಲಿ ಮಡಿಯಿಂದ ಬದುಕಿದವಳು. ಬೆಳಿಗ್ಗೆ ಸ್ನಾನವಾದ ಮೇಲೆ ಊಟ ಮುಗಿಯುವವರೆಗೆ ಅವಳನ್ನು ಯಾರೂ ಮುಟ್ಟುವಂತಿರಲಿಲ್ಲ. ಹಾಗಾಗಿಯೇ ಎದೆಯ ಗಂಟು ಹುಣ್ಣಾಗಿ ಒಡೆಯುವವರೆಗೂ ಮನೆಯಲ್ಲಿ ಗೊತ್ತಾಗಲಿಲ್ಲ. ಕುಪ್ಪಸವಿಲ್ಲದ ಮೈಗೆ ಸೆರಗನ್ನು ಬಿಗಿಯಾಗಿ ಸುತ್ತಿ, ಮಡಿಕೆಯೊಳಗೆ ಕರ್ಪೂರ ಇಟ್ಟುಕೊಳ್ಳುತ್ತಿದ್ದಳು. ಕರ್ಪೂರಕ್ಕೂ ವಾಸನೆ ಮಣಿಯದ ದಿನ ನಾನು ಕೇಳಿಯೇಬಿಟ್ಟೆ.

ಡಾಕ್ಟರು ಕ್ಯಾನ್ಸರ್ ಎಂದರು. ಕೊಯ್ಯುವ ಹಂತ ದಾಟಿದೆ, ಹುಣ್ಣನ್ನು ಸ್ವಚ್ಛವಾಗಿಡಿ ಎಂದರು. ಟಾಂಗಾದಲ್ಲಿ ಮರಳುವಾಗ ಅತ್ತೆ ನನ್ನ ಕಿವಿಯಲ್ಲಿ ಹೇಳಿದಳು: "ಸಾಯೋದು ಸಾಯ್ತೀನಿ. ಆದ್ರ ಇನ್ನಮ್ಯಾಲೆ ಇದನ್ನ ನಿನ್ನ ಬಿಟ್ಟು ಯಾರೂ ನೋಡಬಾರದು. ನಿಮ್ಮಪ್ಪ ಸುದ್ದಾ. ಆತೇನು?"

"ಆತು ಅತ್ತಿ," ಅಂದೆ.

ಅಪ್ಪನ ಹಳೆಯ ಧೋತರ ಹರಿದು, ಕುದಿಸಿ, ಒಣಗಿಸಿ ಪಟ್ಟಿ ಮಾಡುತ್ತಿದ್ದೆ. ಸ್ನಾನಕ್ಕೆ ಮೊದಲು ಹಳೆಯ ಪಟ್ಟಿ ಬಿಚ್ಚುವುದು ನನ್ನ ಕೆಲಸ. ಸ್ನಾನವಾದ ಮೇಲೆ ಹೊಸದನ್ನು ತಾನೇ ಕಟ್ಟಿಕೊಳ್ಳುತ್ತಿದ್ದಳು, ಮಡಿಯಲ್ಲಿ. ಚಿಲಕ ಹಾಕಿದ ಬಚ್ಚಲ ಬಾಗಿಲಾಚೆ ನಾನು ಕಾವಲು.

"ಇಂಗ್ಲಿಷ್ ಪುಸ್ತಕಾ ಗಟಗಟ ಓದ್ತಿ, ಒಂದು ಗಂಟು ಬಿಚ್ಚಲಿಕ್ಕೆ ಬರಂಗಿಲ್ಲ. ಕಾಲೇಜಿನ್ಯಾಗ ಏನು ಕಲಸ್ತಾರೋ ಮಾರಾಯ್ತಿ!"

"ನೀನು ಕುಣಿಕಿ ಹಾಕಿದ್ರ ಬಿಚ್ಚಲಿಕ್ಕೆ ಪೊಲೀಸರೇ ಬರಬೇಕು."

ನಗುತ್ತಿದ್ದಳು. ನಗುವಾಗ ಒಂದು ಕೈ ಎದೆಗೆ ಅಡ್ಡ ಹೋಗುತ್ತಿತ್ತು.

ಒಂದು ಬೆಳಿಗ್ಗೆ ಒಳಗೆ ತಂಬಿಗೆ ಬಿದ್ದ ಸದ್ದು ಕೇಳಿತು.

"ಅತ್ತಿ?"

"ಏನಿಲ್ಲ. ನೀ ಹೊರಗ ನಿಲ್ಲು."

ಧ್ವನಿ ತೆಳ್ಳಗಿತ್ತು. ನಿಂತೆ. ಬಚ್ಚಲ ನೀರು ಅಂಗಳದ ಮೋರಿಗೆ ಹರಿಯುವ ಕಡೆ ಕಣ್ಣು ಹೋಯಿತು. ನೀರು ಕೆಂಪಾಗಿತ್ತು. ಬಾಗಿಲು ಬಡಿದೆ. "ಚಿಲಕಾ ತೆಗಿ ಅತ್ತಿ!" ಚಿಲಕ ಸರಿಯಲಿಲ್ಲ. ಆಮೇಲೆ ನಾನು ಚೀರಿದೆ. ಆ ಚೀರಾಟವನ್ನು ಈಗಲೂ ಮತ್ತೆ ಮತ್ತೆ ಕೇಳುತ್ತೇನೆ. ನಳದ ಹತ್ತಿರ ಸಾಲಾಗಿ ನಿಂತಿದ್ದವರೆಲ್ಲ "ಕಾಯ್ ಝಾಲಂ? ಕಾಯ್ ಝಾಲಂ?" ಏನಾಯಿತು ಅನ್ನುತ್ತ ಓಡಿ ಬಂದರು. ಇಬ್ಬರು ಗಂಡಸರು ಹೆಗಲು ಕೊಟ್ಟು ನೂಕಿದರು. ಚಿಲಕ ಮುರಿಯಿತು, ಬಾಗಿಲು ಕೀಲು ಕಿತ್ತು ಒಳಗೆ ವಾಲಿತು.

ಅತ್ತೆ ಗೋಡೆಗೆ ಒರಗಿ ಕೂತಿದ್ದಳು. ಒದ್ದೆ ಸೀರೆ ಸೊಂಟದಲ್ಲಿತ್ತು. ಎರಡೂ ಕೈಯಿಂದ ಹುಣ್ಣು ಮುಚ್ಚಲು ನೋಡುತ್ತಿದ್ದಳು, ರಕ್ತ ಬೆರಳ ಸಂದಿಯಿಂದ ಇಳಿಯುತ್ತಿತ್ತು. ನಾನು ಧೋತರದ ಪಟ್ಟಿಯನ್ನೆಲ್ಲ ಮುದ್ದೆ ಮಾಡಿ ಒತ್ತಿ ಹಿಡಿದೆ.

"ಕದಾ ಹಾಕು," ಅಂದಳು. ಮತ್ತೊಮ್ಮೆ, "ಕದಾ ಹಾಕವಾ."

ಹಾಕಲು ಕದ ಎಲ್ಲಿತ್ತು? ಎದ್ದು ನಿಂತು ನನ್ನ ಸೆರಗನ್ನಾದರೂ ಅಡ್ಡ ಹಿಡಿಯಬಹುದಿತ್ತು. ಕೈ ತೆಗೆದರೆ ರಕ್ತ ಚಿಮ್ಮುತ್ತಿತ್ತು. ಹಿಂದೆ ಯಾರೋ ಹೆಂಗಸು "ದೇವಾ" ಅಂದು ಮೂಗಿಗೆ ಸೆರಗು ಹಿಡಿದಳು. ಅಪ್ಪ ಬಂದು ನೋಡಿ ಹಾಗೇ ತಿರುಗಿ ನಿಂತರು.

ರಕ್ತ ನಿಂತಿತು. ಮೂರನೆಯ ದಿನ ಅತ್ತೆ ಕೇಳಿದಳು, "ಎಷ್ಟು ಮಂದಿ ಇದ್ರು?"

"ಒಂದಿಬ್ರು."

"ಸುಳ್ಳು ಹೇಳಬ್ಯಾಡ. ನಾ ಕಣ್ಣು ಮುಚ್ಚಿರಲಿಲ್ಲ."

ಅಪ್ಪ ಬಡಿಗನನ್ನು ಕರೆಸಿ ಹೊಸ ಚಿಲಕ ಹಾಕಿಸಿದರು. ಅತ್ತೆ ಮತ್ತೆ ಆ ಬಾಗಿಲು ದಾಟಲಿಲ್ಲ. ಮಡಿ ಬಿಟ್ಟಳು. ನೋಡಲು ಬಂದ ಹೆಂಗಸರು ಹೊದಿಕೆ ಸರಿಸಿದರೂ ಬೇಡವೆನ್ನಲಿಲ್ಲ. ಕೊನೆಯ ವಾರ ನಾನು ಸೆರಗು ಸರಿಮಾಡಲು ಹೋದರೆ ಕೈ ಹಿಡಿದು ನಿಲ್ಲಿಸಿದಳು.

"ಇರಲಿ ಬಿಡ. ಇನ್ನ ಯಾರಿಗೆ ಮುಚ್ಚೋದು?" ಆಮೇಲೆ ಸಿಟ್ಟಿಲ್ಲದೆ ಅಂದಳು: "ಅವತ್ತು ನೀ ಒಂದೀಟು ತಡೀಬೇಕಿತ್ತು. ಒಳಗ ಎಲ್ಲಾ ಮುಗೀತಿತ್ತು."